ಆಯುಧಪೂಜೆ ದಿನ ಬಂದ ಗುಳ್ಳೆಗಳು

ದೆವ್ವ, ಶಕುನ ಅಂತ ಯಾರಾದ್ರೂ ಶುರು ಮಾಡಿದ್ರೆ ಮೊದಲು ಹಲ್ಲು ಕಿಸಿಯೋನು ನಾನೇ. ಇದನ್ನೇ ಬೇರೆಯೋರು ಹೇಳಿದ್ರೆ ಈಗ್ಲೂ ನಗ್ತೀನೇನೋ. ಆದ್ರೆ ನೋಡಿದ್ದು ನಾನು. ನೀವು ನಂಬದಿದ್ರೂ ಬೇಜಾರಿಲ್ಲ, ನನ್ನ ಮಾತು ನಂಬೋ ಅಭ್ಯಾಸ ಯಾರಿಗೂ ಇಲ್ಲ.

ಕೆಲವು ವರ್ಷದ ಹಿಂದೆ ಹೊಸೂರು ಹತ್ರ ಒಂದು ಕಾಲೇಜಿನ ಲ್ಯಾಬಲ್ಲಿ ನಾನೂ ಕೆಲಮಂಗಲದ ಸೀನನೂ ಸಂಶೋಧನೆ ಮಾಡ್ತಿದ್ವಿ. ಅಂದ್ರೆ ಸೀನ ಮಾಡ್ತಿದ್ದ, ನಾನು ಒಡೀತಿದ್ದೆ. ನಾನು ಒಡೆದ ಗಾಜೆಲ್ಲ ಕೂಡಿಸಿದ್ರೆ ಹೊಸೂರು ಬಸ್‌ಸ್ಟ್ಯಾಂಡಿಗೆ ಕಿಟಕಿ ಹಾಕಿಸ್ಬೋದು. ಹೊಂಗೆ ಎಣ್ಣೆಯಿಂದ ಡೀಸೆಲ್ ಮಾಡಿದಾಗ ಗ್ಲಿಸರಾಲ್ ಅಂತ ಪಾಕದಂಗೆ ಒಂದು ಉಳೀತದೆ. ಅದನ್ನ ನೀರಿನ ಜೊತೆ ಆವಿ ಮಾಡಿ, ಕೆಂಪಗೆ ಕಾದ ಕೊಳವೆಯೊಳಗೆ ನಿಕಲ್ ಪುಡಿ ಮೇಲೆ ಹಾಯಿಸಿದ್ರೆ ಹೈಡ್ರೋಜನ್ ಬತ್ತದೆ. ಕೊಳವೆಯ ತುದಿ ನೀರಿನ ಜಾಡಿಯಲ್ಲಿ ಮುಳುಗಿರ್ತದೆ. ಗುಳ್ಳೆ ಬಂದ್ರೆ ಗ್ಯಾಸ್ ಬಂತು ಅಂತ. ಆದ್ರೆ ಸ್ವಲ್ಪ ಹೊತ್ತಿಗೇ ನಿಕಲ್ಲಿಗೆ ಮಸಿ ಹಿಡಿದು ಗುಳ್ಳೆ ನಿಂತೋಗ್ತದೆ.

ಮಸಿ ಹಿಡೀದಿರೋ ಪುಡಿ ಮಾಡ್ಬೇಕು ಅನ್ನೋದೇ ಸೀನನ ಹುಚ್ಚು. ಸುಣ್ಣ ಬೆರೆಸಿ ಹೊಸದೊಂದು ಮಾಡಿ ಕೊಳವೆಗೆ ತುಂಬ್ದ. ಓಡಿಸಿ ನೋಡೋಕೆ ಮುಂಚೆನೇ ಡೆಂಗಿ ಜ್ವರ ಬಂದು ಕೃಷ್ಣಗಿರಿಯಲ್ಲಿ ಆಸ್ಪತ್ರೆ ಸೇರ್ದ. "ನಾನು ಬರೋಗಂಟ ಮುಟ್ಬೇಡ ಕಣ್ಲಾ" ಅಂದಿದ್ದ. ನನ್ನ ಕೈ ಅವನಿಗೆ ಗೊತ್ತಲ್ಲ.

ಆಯುಧಪೂಜೆ ದಿನ ಲ್ಯಾಬಿನ ಮೇನ್ ಸ್ವಿಚ್ಚೇ ಆರಿಸಿದ್ರು. ಕೊಳವೆ ಕಾಯಿಸೋ ಕುಲುಮೆಗೆ ಕುಂಕುಮ ಇಟ್ಟು, ಚೆಂಡು ಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆದು ಎಲ್ಲರೂ ಹೋದ್ರು. ನಾನು ಉಳಿದ ಪುರಿ ಮುಕ್ತಾ ಕೂತಿದ್ದೆ. ಸೀನನ ಫೋನ್ ಬಂತು. ದನಿ ಇಳಿದೋಗಿತ್ತು.

"ಲೇ, ನನ್ನ ನಿಕಲ್ ಹೆಂಗೈತ್ಲಾ?"

"ಓಡ್ತಾ ಐತೆ ಕಣ್ಲಾ. ಸಾಂಬಾರು ಕುದ್ದಂಗೆ ಗುಳ್ಳೆ."

"ಥೂ ಸುಳ್ಳಾ! ಇವತ್ತು ಕರೆಂಟೇ ತೆಗ್ದಿರ್ತಾರೆ." ನಕ್ಕ, ಕೆಮ್ಮಿದ. "ನಿಜ ಹೇಳೋ ದಿನ ಫೋನ್ ಮಾಡು."

ಫೋನ್ ಇಟ್ಟು ತಿರುಗಿದ್ರೆ ಜಾಡಿಯಲ್ಲಿ ಗುಳ್ಳೆ. ಒಂದರ ಹಿಂದೆ ಒಂದು. ಕುಲುಮೆ ಮುಟ್ಟಿದೆ, ತಣ್ಣಗಿತ್ತು. ಪಂಪು ನಿಂತಿತ್ತು, ಸಿಲಿಂಡರೆಲ್ಲ ಮುಚ್ಚಿತ್ತು. ಪುಟ್ಟ ಗಾಜಿನ ನಳಿಗೆಯಲ್ಲಿ ಆ ಗ್ಯಾಸ್ ಹಿಡಿದು, ಕರ್ಪೂರ ಹಚ್ಚೋಕೆ ತಂದಿದ್ದ ಬೆಂಕಿಪೊಟ್ಟಣದಿಂದ ಕಡ್ಡಿ ಗೀರಿದೆ. 'ಟಪ್' ಅಂತು. ಹೈಡ್ರೋಜನ್ ಹೊತ್ಕೊಂಡಾಗ ಬರೋ ಸದ್ದು. ಗಾಜು ಒಡೀದೆ ನಾನು ಮಾಡಿದ ಮೊದಲ್ನೇ ಪರೀಕ್ಷೆ ಅದು.

ತಕ್ಷಣ ಫೋನ್ ಮಾಡ್ದೆ. ಅವರಕ್ಕ ಎತ್ಕೊಂಡ್ರು. "ಬಿಪಿ ಇಳೀತು ಅಂತ ಐಸಿಯುಗೆ ಕರ್ಕೊಂಡೋಗ್ತಾವ್ರೆ ಕಣಪ್ಪ. ಇಲ್ಲೇ ಸ್ಟ್ರೆಚರ್ ಮೇಲವ್ನೆ. ಏನಾರ ಹೇಳ್ಬೇಕಾ?"

ಹೇಳಿದ್ರೆ ಇದನ್ನೂ ತಮಾಷೆ ಅನ್ಕೊಂತಾನೆ ಅನ್ನಿಸ್ತು. "ಬೇಡ ಬಿಡಕ್ಕ, ಬಂದ್ಮೇಲೆ ನಾನೇ ತೋರಿಸ್ತೀನಿ" ಅಂದೆ. ವಿಡಿಯೋ ತೆಗೆಯೋಣ ಅಂತ ತಿರುಗೋಷ್ಟರಲ್ಲಿ ಗುಳ್ಳೆ ನಿಂತಿತ್ತು.

ಸೀನ ಬರ್ಲಿಲ್ಲ.

ಆಮೇಲೆ ನಮ್ಮ ಗೈಡ್ ಸರ್ ಜೊತೆ ಅದೇ ಪುಡಿ ಓಡಿಸ್ದೆ. ಎಲ್ಲದರಂಗೆ ಅದಕ್ಕೂ ಮಸಿ ಹಿಡೀತು. ಗುಳ್ಳೆ ವಿಷಯ ಹೇಳಿದ್ರೆ, "ಒಳಗೆ ಉಳಿದಿದ್ದ ಗ್ಯಾಸ್ ಇರ್ಬೇಕಪ್ಪ" ಅಂದ್ರು. ಆದ್ರೆ ಆ ಪುಡಿ ತುಂಬಿದ್ಮೇಲೆ ಪೂಜೆ ದಿನದವರೆಗೂ ಒಳಕ್ಕೆ ಯಾವ ಗ್ಯಾಸೂ ಬಿಟ್ಟೇ ಇರ್ಲಿಲ್ಲ. ಗೆಳೆಯರಿಗೆ ಹೇಳಿದ್ರೆ, "ಸತ್ತವನ ಮೇಲೂ ಜೋಕೇನ್ಲಾ?" ಅಂತ ಎದ್ದೋದ್ರು.

ಆ ಗುಳ್ಳೆ ಎಲ್ಲಿಂದ ಬಂತೋ ನಂಗೊತ್ತಿಲ್ಲ. ನಿಜ ಹೇಳೋ ದಿನ ಫೋನ್ ಮಾಡು ಅಂದಿದ್ದ. ಮಾಡಿದ್ದೆ ಕಣ್ಲಾ ಸೀನ. ಹೇಳ್ಲಿಲ್ಲ, ಅಷ್ಟೇ.