ಖಾಕಿ ಟೈಲರ್‌ನ ಟೇಪು

ಪೊಲೀಸ್ ಠಾಣೆಯ ಎದುರಿಗೆ, ಎರಡೇ ಮೆಟ್ಟಿಲು ಹತ್ತಿದರೆ ಸಿಗುವ ಆ ಅಂಗಡಿಯಲ್ಲಿ ಮೂವತ್ತೈದು ವರ್ಷಗಳಿಂದ ಒಂದೇ ಬಣ್ಣದ ಬಟ್ಟೆ ಹೊಲಿಯುತ್ತಿದ್ದವನ ನಿಜವಾದ ಹೆಸರನ್ನು ಅವನ ಹೆಂಡತಿಯೂ ಮರೆತಿರಬಹುದು. ಊರಿಗೆಲ್ಲ ಅವನು ಖಾಕಿ ಟೈಲರ್. ಹೊಸದಾಗಿ ಕೆಲಸಕ್ಕೆ ಸೇರಿದ ಪೊಲೀಸರು ಮೊದಲ ಸಮವಸ್ತ್ರ ಹೊಲಿಸಲು ಅವನಲ್ಲಿಗೇ ಬರುತ್ತಿದ್ದರು. ಬರುವಾಗ ಎದೆ ಮುಂದೆ, ಹೊಟ್ಟೆ ಹಿಂದೆ. ಎರಡು ವರ್ಷ ಕಳೆಯುವಷ್ಟರಲ್ಲಿ ಈ ಎರಡೂ ಜಾಗ ಬದಲಾಯಿಸಿಕೊಂಡಿರುತ್ತಿದ್ದವು. ಅದೇ ಪ್ಯಾಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಮತ್ತೆ ಹಾಜರಾಗಿ, "ಒಗೆದೂ ಒಗೆದೂ ಬಟ್ಟೆ ಕುಗ್ಗಿಬಿಟ್ಟಿದೆ ಮಾಸ್ಟ್ರೇ, ಸ್ವಲ್ಪ ಬಿಚ್ಚಿ ಕೊಡಿ" ಎನ್ನುತ್ತಿದ್ದರು.

"ಹೌದು ಸಾರ್, ಈಗಿನ ಬಟ್ಟೆಗೆ ನಿಯತ್ತೇ ಇಲ್ಲ" ಎಂದು ಟೈಲರ್ ಗಂಭೀರವಾಗಿ ತಲೆಯಾಡಿಸುತ್ತಿದ್ದ. ಅವನ ಅಳತೆ ಪುಸ್ತಕ ತಿರುವಿ ಹಾಕಿದರೆ ಸಾಕು, ಊರಿನ ಕಾನೂನು ವ್ಯವಸ್ಥೆ ವರ್ಷದಿಂದ ವರ್ಷಕ್ಕೆ ಎಷ್ಟು ಪುಷ್ಟಿಯಾಗುತ್ತಿದೆ ಎಂಬುದು ಇಂಚುಗಳಲ್ಲಿ ತಿಳಿಯುತ್ತಿತ್ತು.

ಅವನ ಹೊಲಿಗೆಗೆ ಒಳ್ಳೆಯ ಹೆಸರಿತ್ತು. ಎಲ್ಲೂ ಹಿಡಿಯುವುದಿಲ್ಲ, ಎಲ್ಲೂ ಬಿಗಿಯುವುದಿಲ್ಲ. ಕೂತರೂ ಬಗ್ಗಿದರೂ, ಅಪರೂಪಕ್ಕೊಮ್ಮೆ ಕಳ್ಳನ ಹಿಂದೆ ನಾಲ್ಕು ಹೆಜ್ಜೆ ಓಡಿದರೂ ಅವನು ಹಾಕಿದ ಗುಂಡಿ ಕಿತ್ತು ಬಂದದ್ದಿಲ್ಲ. ಗುಟ್ಟೇನೆಂದು ಕೇಳಿದರೆ, "ನನಗೇನ್ ಗೊತ್ತು, ಕೈಗೆ ಗೊತ್ತು" ಎಂದು ದೊಡ್ಡ ಕಲಾವಿದನ ಹಾಗೆ ಉತ್ತರ ಕೊಡುತ್ತಿದ್ದ. ಟೇಪು ಸದಾ ಕೊರಳಲ್ಲೇ ಇರುತ್ತಿತ್ತು. ಊಟಕ್ಕೆ ಕೂತಾಗಲೂ ಅದನ್ನು ತೆಗೆಯುವುದಿಲ್ಲವೆಂದು ಹೆಂಡತಿ ಗೊಣಗಿ ಗೊಣಗಿ ಸಾಕಾಗಿ ಸುಮ್ಮನಾಗಿದ್ದಳು.

ಪ್ರಾಯದಲ್ಲಿ ಅವನೂ ಒಮ್ಮೆ ಪೊಲೀಸ್ ಭರ್ತಿಯ ಸಾಲಿನಲ್ಲಿ ನಿಂತವನೇ. ಎತ್ತರ ಅಳೆಯುವ ಕಂಬದ ಕೆಳಗೆ ನಿಂತಾಗ ಮೇಲಿನ ಪಟ್ಟಿ ಅವನ ತಲೆಗೆ ತಾಗಲೇ ಇಲ್ಲ. ಖಾಕಿ ತೊಡುವ ಯೋಗ ಇಲ್ಲದವನು ಖಾಕಿ ತೊಡಿಸುತ್ತಾ ಕೂತ. ಆದರೆ ಮಗನಿಗೆ ತಾಯಿಯ ಎತ್ತರ ಬಂದಿತ್ತು. ಅವನಿಗೆ ಹತ್ತು ವರ್ಷ ತುಂಬುವ ಮೊದಲೇ ಅಪ್ಪ ತೀರ್ಮಾನ ಮಾಡಿಬಿಟ್ಟಿದ್ದ. ಮಗನನ್ನು ಕೇಳುವುದೊಂದು ಬಾಕಿಯಿತ್ತು. ಪುಣ್ಯಕ್ಕೆ ಮಗನಿಗೂ ಅದೇ ಆಸೆ ಹತ್ತಿತು.

ಮಗ ಪಾರ್ಸೆಲ್ ಗೋದಾಮಿನಲ್ಲಿ ಡಬ್ಬ ವಿಂಗಡಿಸುವ ಕೆಲಸದಲ್ಲಿದ್ದ. ಎರಡು ಸಲ ದೈಹಿಕ ಪರೀಕ್ಷೆಗೆ ಹೋಗಿ, ಎರಡು ಸಲವೂ ಓಟದಲ್ಲೇ ಹಿಂದೆ ಬಿದ್ದಿದ್ದ. ಸಾವಿರದ ಆರುನೂರು ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಮುಗಿಸಿದವರನ್ನು ಮಾತ್ರ ಎತ್ತರ ಮತ್ತು ಎದೆಯ ಅಳತೆಗೆ ಕರೆಯುತ್ತಾರೆ, ಉಳಿದವರಿಗೆ ಗೇಟು ತೋರಿಸುತ್ತಾರೆ. ಮೊದಲ ಸಲ ಹೊಟ್ಟೆ ಹಿಡಿದುಕೊಂಡಿತು. ಎರಡನೆಯ ಸಲ ಹನ್ನೊಂದು ಸೆಕೆಂಡು ಕೈಕೊಟ್ಟಿತು. ಈಗ ಮೂರನೆಯದು, ಕೊನೆಯದು. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತಿತ್ತು. ಇಪ್ಪತ್ತೇಳು ದಾಟಿದವನಿಗೆ ಕಳ್ಳರನ್ನು ಹಿಡಿಯಲು ಆಗುವುದಿಲ್ಲವೆಂದು ಸರ್ಕಾರದ ನಂಬಿಕೆ. ಐವತ್ತೇಳರವರು ಹಿಡಿಯುತ್ತಾರೆಂಬುದೂ ಅದರದೇ ನಂಬಿಕೆ.

ತಯಾರಿ ಜೋರಾಗಿಯೇ ಶುರುವಾಯಿತು. ಬೆಳಗ್ಗೆ ಐದೂವರೆಗೆ ಕಾಲೇಜಿನ ಮೈದಾನಕ್ಕೆ ಮಗ ಬೂಟು ಕಟ್ಟಿಕೊಂಡು ಹೊರಟರೆ, ಹಿಂದೆ ಅಪ್ಪ ಅಂಗಡಿಯ ಗೋಡೆ ಗಡಿಯಾರವನ್ನು ಮೊಳೆಯಿಂದ ಇಳಿಸಿ, ಮಗುವಿನಂತೆ ಎದೆಗವಚಿಕೊಂಡು ಬರುತ್ತಿದ್ದ. ಮೊಬೈಲಿನಲ್ಲೇ ಸಮಯ ನೋಡಬಹುದೆಂದು ಮಗ ಹೇಳಿದರೆ, "ಅದರಲ್ಲಿ ಮುಳ್ಳೆಲ್ಲಿದೆ?" ಎಂದು ಬಾಯಿ ಮುಚ್ಚಿಸಿದ. ಅಮ್ಮ ದಿನಕ್ಕೆ ನಾಲ್ಕು ಮೊಟ್ಟೆ ಬೇಯಿಸಿದಳು. ಮೊದಲ ಮಹಡಿಯ ಅಜ್ಜ ಮೂಗಿನಲ್ಲಿ ಉಸಿರಾಡು ಎಂದರೆ, ಎದುರು ಮನೆಯ ಮಾವ ಬಾಯಲ್ಲೇ ಉಸಿರಾಡಬೇಕು ಎಂದು ಹಟ ಹಿಡಿದ. ಇಬ್ಬರೂ ಬಸ್ಸು ಹಿಡಿಯಲು ಕೂಡ ಓಡಿದವರಲ್ಲ.

ಸರಿಯಾದ ಮಾತು ಹೇಳಿದವನು ಒಬ್ಬನೇ, ಜಿಮ್ಮಿನ ಮಾಸ್ಟರ್. ಅವನು ಹುಡುಗನನ್ನು ಮೇಲಿಂದ ಕೆಳಗೆ ನೋಡಿ, "ಕಾಲು ಪರವಾಗಿಲ್ಲ, ಎದೆ ಸಾಲಲ್ಲ. ಈಗಿಂದ್ಲೇ ದಂಡ ಹೊಡಿ, ಮೂರು ತಿಂಗಳಲ್ಲಿ ಎರಡು ಸೆಂಟಿಮೀಟರ್ ಬಂದೇ ಬರುತ್ತೆ" ಎಂದ. ಆ ಮಾತನ್ನು ಮಗ ಅಂಗಡಿಗೆ ತಂದ. ಟೈಲರ್‌ಗೆ ಮೈ ಉರಿಯಿತು. ಊರಿಗೆಲ್ಲ ಅಳತೆ ಹೇಳುವವನ ಮಗನ ಎದೆಗೆ ಇನ್ನೊಬ್ಬ ಅಳತೆ ಹೇಳುವುದೇ?

"ಬಾ ಇಲ್ಲಿ, ಕೈ ಎತ್ತು" ಎಂದು ಟೇಪು ಸುತ್ತಿದ. "ಎಷ್ಟು ಬೇಕಂತೆ? ಎಂಬತ್ತೊಂದಾ? ನಿನಗೆ ಎಂಬತ್ಮೂರಿದೆ! ಆ ಜಿಮ್ಮಿನವನು ಜನ್ಮದಲ್ಲಿ ಒಂದು ಬನಿಯನ್ನಾದ್ರೂ ಹೊಲಿದಿದ್ದಾನೇನೋ? ಎದೆ ಚಿಂತೆ ನನಗೆ ಬಿಡು, ನೀನು ಕಾಲು ನೋಡ್ಕೋ."

ದಂಡ ಅಲ್ಲಿಗೆ ನಿಂತಿತು. ಮಗ ಬೆಳಗ್ಗೆ ಓಡಿದ, ಸಂಜೆ ಓಡಿದ, ಗೋದಾಮಿಗೂ ಓಡಿಕೊಂಡೇ ಹೋದ. ಪ್ರತಿ ಭಾನುವಾರ ಅಪ್ಪ ಟೇಪು ಹಿಡಿದು ನೋಡುತ್ತಿದ್ದ. ಪ್ರತಿ ಭಾನುವಾರವೂ ಎಂಬತ್ಮೂರು. "ಬಂಡೆ ಕಣೇ ನಿನ್ನ ಮಗ" ಎಂದು ಹೆಂಡತಿಗೆ ವರದಿ ಒಪ್ಪಿಸುತ್ತಿದ್ದ.

ಪರೀಕ್ಷೆಯ ದಿನ ಟೈಲರ್ ಅಂಗಡಿಗೆ ಬೀಗ ಹಾಕಿ, ಮೈದಾನದ ತಂತಿ ಬೇಲಿಗೆ ಅಂಟಿಕೊಂಡು ನಿಂತ. ಮಗ ಆರು ನಿಮಿಷ ಎರಡು ಸೆಕೆಂಡಿಗೆ ಗೆರೆ ದಾಟಿದ, ತನ್ನ ತಂಡದಲ್ಲಿ ಮೂರನೆಯವನಾಗಿ. ಅಪ್ಪ ಬೇಲಿಯ ಆಚೆ ಕುಣಿದು, ಪಕ್ಕದಲ್ಲಿ ನಿಂತಿದ್ದ ಅಪರಿಚಿತನನ್ನು ತಬ್ಬಿಕೊಂಡ. ಆಮೇಲೆ ಅಳತೆಯ ಸಾಲು. ಮೂರು ಗಂಟೆ ಬಿಸಿಲಲ್ಲಿ ನಿಂತ ಮೇಲೆ ಮಗನ ಸರದಿ ಬಂತು. ಎತ್ತರ ಆಯಿತು. ಎದೆ ಅಳೆಯಲು ಟೇಪು ಹಿಡಿದು ಕುರ್ಚಿಯಿಂದ ಎದ್ದವನು ಠಾಣೆಯ ಹೆಡ್ ಕಾನ್‌ಸ್ಟೆಬಲ್. ಟೈಲರ್‌ನ ಹಳೆಯ ಗಿರಾಕಿ. ಎದ್ದ ರಭಸಕ್ಕೆ ಅವನ ಹೊಟ್ಟೆ ಮೇಜಿನ ಮೇಲಿದ್ದ ಕಾಗದಗಳನ್ನು ಒಂದಿಷ್ಟು ಸರಿಸಿತು.

"ಎಂಬತ್ತು" ಎಂದು ಕೂಗಿ ಹೇಳಿದ ಹೆಡ್ಡು. ಪಕ್ಕದವನು ಬರೆದುಕೊಂಡ.

ಮಗ ಬೆಪ್ಪಾಗಿ ಬೇಲಿಯ ಕಡೆ ನೋಡಿದ. ಅಪ್ಪನಿಗೆ ಅಷ್ಟೇ ಸಾಕಾಯಿತು. ಗೇಟಿನವನನ್ನು ತಳ್ಳಿಕೊಂಡು ಒಳಗೆ ನುಗ್ಗಿ, "ಟೇಪು ಸರಿ ಇಲ್ಲ ಸಾರ್! ಬದಲಾಯಿಸಿ! ನನ್ನ ಮಗಂದು ಎಂಬತ್ಮೂರು!" ಎಂದು ಕೂಗಾಡಿದ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕುರ್ಚಿಯಲ್ಲಿ ಕೂತಿದ್ದ ಅಧಿಕಾರಿ ಕನ್ನಡಕ ಸರಿಮಾಡಿಕೊಂಡರು. ಅವರು ಕೆಟ್ಟವರಲ್ಲ, ತಾಳ್ಮೆಯಿಂದಲೇ ಕೇಳಿದರು.

"ಯಾರಪ್ಪ ನೀನು?"

"ಇವರು ನಮ್ಮ ಟೈಲರ್ ಸಾರ್" ಎಂದ ಹೆಡ್ಡು ಮುಜುಗರದಿಂದ.

"ಕೊರಳಲ್ಲಿ ಟೇಪಿದೆಯಲ್ಲ. ನಿನ್ನ ಟೇಪಲ್ಲೇ ಅಳೆದು ತೋರಿಸು, ನೋಡೋಣ."

ಟೈಲರ್ ಬೀಗುತ್ತಾ ಮುಂದೆ ಬಂದ. ಮೂವತ್ತೈದು ವರ್ಷದ ಕೈ. ಟೇಪನ್ನು ಮಗನ ಬೆನ್ನಿನ ಹಿಂದಿನಿಂದ ತಂದು, ಎದೆಯ ಮೇಲೆ ಕೂಡಿಸಿ ಹಿಡಿದು, ಎಲ್ಲರಿಗೂ ಕೇಳುವಂತೆ ಹೇಳಿದ: "ಎಂಬತ್ಮೂರು! ನೋಡ್ಕೊಳ್ಳಿ!"

ಅಧಿಕಾರಿ ಬಗ್ಗಿ ನೋಡಿದರು. "ಬೆರಳು ತೆಗಿ" ಎಂದರು.

"ಯಾವ ಬೆರಳು?"

ಟೈಲರ್ ತಲೆ ತಗ್ಗಿಸಿದ. ಟೇಪಿಗೂ ಮಗನ ಎದೆಗೂ ನಡುವೆ ಅವನದೇ ಎರಡು ಬೆರಳು ಹಾಯಾಗಿ ಮಲಗಿದ್ದವು. ಗಿರಾಕಿಗೆ ಬಟ್ಟೆ ಬಿಗಿಯಾಗದಿರಲೆಂದು ಪ್ರತಿ ಅಳತೆಯಲ್ಲೂ ತಾವಾಗಿಯೇ ಒಳಗೆ ಹೋಗಿ ಕೂರುತ್ತಿದ್ದ ಬೆರಳುಗಳು. ಕೈಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಬೆರಳು ಈಚೆ ತೆಗೆದ. ಟೇಪು ಸರಿದು, ಹೆಡ್ಡು ಹೇಳಿದಲ್ಲಿಗೇ ಬಂದು ನಿಂತಿತು. ಯಾರೋ ಕಿಸಕ್ಕನೆ ನಕ್ಕರು. ಮಗ ನಗಲಿಲ್ಲ, ಬೈಯಲಿಲ್ಲ. ಎತ್ತಿದ್ದ ಕೈಗಳನ್ನು ನಿಧಾನವಾಗಿ ಕೆಳಗಿಳಿಸಿ, ಅಂಗಿ ಹಾಕಿಕೊಂಡು ಗೇಟಿನ ಕಡೆ ನಡೆದ. ಒಂದೇ ಒಂದು ಸೆಂಟಿಮೀಟರ್. ಮೂರು ತಿಂಗಳ ದಂಡಕ್ಕೆ ಆರಾಮಾಗಿ ಬರುತ್ತಿತ್ತು. ಭೂಮಿ ಬಾಯಿಬಿಟ್ಟು ತನ್ನನ್ನು ಟೇಪಿನ ಸಮೇತ ನುಂಗಬಾರದೇ ಎನ್ನಿಸಿತು ಟೈಲರ್‌ಗೆ.

ಮನೆಯಲ್ಲಿ ಎರಡು ವಾರ ಮಗ ಅಪ್ಪನ ಜೊತೆ ಮಾತಾಡಲಿಲ್ಲ. ಅಪ್ಪ ಊಟಕ್ಕೆ ಕೂರುವಾಗ ಟೇಪು ತೆಗೆದಿಟ್ಟು ಕೂರತೊಡಗಿದ. ಅದನ್ನು ನೋಡಿ ಹೆಂಡತಿಗೆ ಇನ್ನಷ್ಟು ಸಂಕಟವಾಯಿತು. "ಹಾಕ್ಕೊಳ್ಳಿ ಬಿಡ್ರೀ, ನಾನೇನೂ ಅನ್ನಲ್ಲ" ಎಂದಳು.

ಒಂದು ಮಧ್ಯಾಹ್ನ ಮಗ ಬುತ್ತಿ ಕೊಡಲು ಅಂಗಡಿಗೆ ಬಂದು, ಸ್ಟೂಲಿನ ಮೇಲೆ ಕೂತಿದ್ದ. ಅಷ್ಟರಲ್ಲಿ ಹೆಡ್ ಕಾನ್‌ಸ್ಟೆಬಲ್ ಆ ಎರಡು ಮೆಟ್ಟಿಲು ಹತ್ತಿ, ಬಾಗಿಲ ಚೌಕಟ್ಟು ಹಿಡಿದು ಸುಧಾರಿಸಿಕೊಂಡ.

"ಬೇಜಾರ್ ಮಾಡ್ಕೋಬೇಡಿ ಮಾಸ್ಟ್ರೇ" ಎಂದ ಏದುಸಿರು ಬಿಡುತ್ತಾ. "ರೂಲ್ಸ್ ಅಂದ್ರೆ ರೂಲ್ಸು. ಪೊಲೀಸಿಗೆ ಮೈಕಟ್ಟು ಮುಖ್ಯ ನೋಡಿ. ಹೊಸಬರು ಬರ್ತಿದ್ದಾರೆ, ಪರೇಡಿಗೆ ನನಗೊಂದು ಹೊಸ ಪ್ಯಾಂಟು ಬೇಕು."

ಟೈಲರ್ ಅವನ ಸೊಂಟಕ್ಕೆ ಟೇಪು ಸುತ್ತಿದ. ಎಂದಿನಂತೆ ಕೈ ತನ್ನ ಕೆಲಸ ಮಾಡಿತು.

"ಅಪ್ಪಾ" ಎಂದ ಮಗ ಸ್ಟೂಲಿನಿಂದ. ಎರಡು ವಾರದ ಮೇಲೆ ಮೊದಲ ಮಾತು. "ಬೆರಳು ತೆಗಿ."

ಟೈಲರ್ ಮಗನನ್ನು ನೋಡಿದ. ಬೆರಳು ತೆಗೆದು ಟೇಪನ್ನು ಎಳೆದು ಹಿಡಿದ. "ನಲವತ್ತೆರಡು ಸಾರ್."

"ನಲವತ್ತೆರಡಾ! ಹೋದ ವರ್ಷ ನಲವತ್ಮೂರು ಬರೆದಿದ್ರಿ!" ಹೆಡ್ಡಿನ ಮುಖ ಅರಳಿತು. "ನೋಡಿದ್ರಾ, ಇಳಿದಿದೀನಿ! ನಮ್ಮನೆಯವಳಿಗೆ ಹೇಳಿದ್ರೆ ನಂಬಲ್ಲ." ಹೊಟ್ಟೆ ತಟ್ಟಿಕೊಳ್ಳುತ್ತಾ ಮೆಟ್ಟಿಲಿಳಿದು ಠಾಣೆಗೆ ಹೋದ.

"ಆ ಪ್ಯಾಂಟ್ ಹಾಕ್ಕೊಂಡು ಅವರು ಕೂರೋಕಾಗಲ್ಲ ಕಣೋ" ಎಂದ ಟೈಲರ್ ಮೆಲ್ಲಗೆ.

"ನಿಂತಿರಲಿ ಬಿಡಪ್ಪ. ಅವತ್ತು ನಾನೂ ಮೂರು ಗಂಟೆ ನಿಂತಿದ್ದೆ."

ಟೈಲರ್ ನಕ್ಕ. ನಗುತ್ತಲೇ ಟೇಪಿನ ತುದಿಯಿಂದ ಕಣ್ಣೊರೆಸಿಕೊಂಡ. ಆಮೇಲೆ ಖಾಕಿ ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಸೀಮೆಸುಣ್ಣ ಹಿಡಿದು, ಸರಿಯಾಗಿ ನಲವತ್ತೆರಡಕ್ಕೇ ಗೆರೆ ಎಳೆದ.