ಕಲಿಸಿದವರಿಗೆ ಹಿಡಿ ರಾಗಿ
ಅಜ್ಜಂಪುರದ ಪೇಟೆಗೆ ಹಿಟ್ಟಿನ ಮಿಷನ್ ಬಂದು ವರ್ಷವಾದರೂ ಕರಿಬಸಮ್ಮನವರ ಬೀಸುಕಲ್ಲಿಗೆ ಬಿಡುವು ಸಿಕ್ಕಿರಲಿಲ್ಲ. ಕೋಳಿ ಕೂಗುವ ಹೊತ್ತಿಗೆ ವಿಭೂತಿ ಧರಿಸಿ ಕಲ್ಲಿನ ಮುಂದೆ ಕೂತರೆಂದರೆ, ತಮಗೆ ಏನಾದರೂ ಕಲಿಸಿದ ಒಬ್ಬೊಬ್ಬರನ್ನೂ ಹೆಸರು ಹಿಡಿದು ನೆನೆದು ಒಂದೊಂದು ಹಿಡಿ ರಾಗಿ ಹಾಕುವರು: ಮುದ್ದೆ ತಿರುವಲು ಕಲಿಸಿದ ಚಿಕ್ಕಮ್ಮನಿಗೊಂದು, ಈಜು ಕಲಿಸಿದ ಅಣ್ಣನಿಗೊಂದು, ತಾಳ್ಮೆ ಕಲಿಸಿದ ಒದೆಯುವ ಎಮ್ಮೆಗೂ ಒಂದು. ದಿನವೂ ಹೊಸದೇನಾದರೂ ಕಲಿಯುವ ಚಟ ಬೇರೆ. ಹಾಗಾಗಿ ಹಿಟ್ಟು ಮನೆಗೆ ಮಿಕ್ಕಿ ಇಡೀ ಕೇರಿಗೆ ಹೋಗುತ್ತಿತ್ತು. "ಇಷ್ಟು ಹಿಟ್ಟು ಯಾರು ತಿಂತಾರವ್ವಾ?" ಎಂದು ಮಗ ಗೊಣಗಿದರೆ, "ನಾನೇನು ಎಲ್ಲ ಕಲ್ತ್ಕೊಂಡೇ ಹುಟ್ಟಿದ್ನೇನೋ?" ಎಂದು ಗದರುವರು. ಕೊನೆಯ ಹಿಡಿಯನ್ನು ಮಾತ್ರ ಬಾಯಿ ಬಿಡದೆ ಹಾಕುವರು. ಗಂಡನ ಹೆಸರು ಹೇಳಬಾರದಲ್ಲ, ಅದು ಮಾವನವರದೇ ಎಂದು ಸೊಸೆ ಮಲ್ಲಿಕಾಂಬ ನಂಬಿದ್ದಳು. ತರೀಕೆರೆಯ ಶಾಲೆಯಲ್ಲಿ ನಾಲ್ಕಕ್ಷರ ಕಲಿತು ಬಂದು, ಬೀಸಿದ ಹಿಟ್ಟಿನ ಮೇಲೆ ಅತ್ತೆಯ ಬೆರಳು ಹಿಡಿದು ಅಕ್ಷರ ತಿದ್ದಿಸುತ್ತಿದ್ದವಳು ಅವಳೇ. ಒಂದು ಬೆಳಗ್ಗೆ ಆ ಕೊನೆಯ ಹಿಡಿಯ ವಿಷಯ ಕೇಳಿಯೇಬಿಟ್ಟಳು. "ನಿಮ್ಮಾವ ನಂಗೇನು ಕಲ್ಸವ್ರೆ, ಕೂಗಾಡೋದಾ? ಅದು ನಿಂದು ಕಣೇ. ಹೆಸರು ಹೇಳಿದ್ರೆ ಉಬ್ಬೋಗ್ತೀಯ ಅಂತ ಸುಮ್ನಿದ್ದೆ," ಎಂದು ಅತ್ತೆ ಕಲ್ಲು ತಿರುಗಿಸಿದರು. ಮಲ್ಲಿಕಾಂಬ ಎದುರು ಕೂತು ಕಲ್ಲಿನ ಗೂಟಕ್ಕೆ ಕೈಜೋಡಿಸಿದಳು. ಆಮೇಲೆ ತಾನೂ ಒಂದು ಹಿಡಿ ರಾಗಿ ಹಾಕಿದಳು, ಬಾಯಿ ಬಿಡದೆ. ಅತ್ತೆಯ ಹೆಸರನ್ನೂ ಸೊಸೆ ಹೇಳಬಾರದಲ್ಲ.