ತೊಟ್ಟಿಲ ಮೇಲಿನ ಕ್ಯಾಮೆರಾ

ಮಗು ಉಸಿರಾಡುತ್ತಿದೆಯೋ ಇಲ್ಲವೋ ಎಂಬ ಚಿಂತೆ ಅವಳ ಬೆನ್ನು ಬಿಟ್ಟದ್ದೇ ಇಲ್ಲ. ಮಗುವಿಗೆ ಏಳು ತಿಂಗಳು ತುಂಬಿ, ಗುಂಡಗುಂಡಗಾಗಿ, ಬೀದಿಗೆಲ್ಲ ಕೇಳುವಂತೆ ಕಿರುಚಲು ಕಲಿತಿದ್ದರೂ, ಅದು ನಿದ್ದೆ ಹೋಯಿತೆಂದರೆ ಇವಳ ಜೀವ ಬಾಯಿಗೆ ಬರುತ್ತಿತ್ತು. ಅದಕ್ಕೇ ತೊಟ್ಟಿಲ ಮೇಲೊಂದು ಪುಟ್ಟ ಕ್ಯಾಮೆರಾ. ಮಗು ಮಲಗಿದೊಡನೆ ಅದನ್ನು ಆನ್ ಮಾಡಿ, ಪಕ್ಕದ ಕೋಣೆಗೆ ಬಂದು ಕೂತರೆ ಒಂದು ಕಣ್ಣು ಮೊಬೈಲಿನ ಮೇಲೆ, ಇನ್ನೊಂದು ಕಂಪ್ಯೂಟರಿನ ಮೇಲೆ.

ಡಾಕ್ಟರುಗಳು ಹೇಳಿ ರೆಕಾರ್ಡ್ ಮಾಡಿದ ವರದಿಗಳನ್ನು ಕೇಳಿ ಟೈಪ್ ಮಾಡುವುದು ಅವಳ ಕೆಲಸ. ಹೆರಿಗೆಗೆಂದು ಬಿಟ್ಟದ್ದು ಮತ್ತೆ ಸಿಗುವಂತಿತ್ತು. ಒಂದು ವಾರದ ಪರೀಕ್ಷೆ. ಇಂದು ಕೊನೆಯ ದಿನ. ಹನ್ನೆರಡರೊಳಗೆ ಆರು ವರದಿ ಕಳಿಸಬೇಕು. ರೋಗಿಗಳ ಗುಟ್ಟಿನ ವಿಷಯವೆಂದು ಆಫೀಸಿನವರು ಮನೆಯ ಇಂಟರ್ನೆಟ್ ಲೈನಿನಿಂದ ಮಾತ್ರ ಒಳಗೆ ಬಿಡುತ್ತಿದ್ದರು. ಆ ಲೈನೋ, ವಾರವಿಡೀ ಬಂದಂತೆ ಬಂದು ಕೈಕೊಡುತ್ತಿತ್ತು. ಈಗ ಮೂರು ವರದಿ ಕಳಿಸುವಷ್ಟರಲ್ಲಿ, ಹತ್ತೂವರೆಗೆ ಮತ್ತೆ ಸತ್ತು ಬಿದ್ದಿತ್ತು.

ಗಂಡನಿಗೆ ಫೋನ್ ಮಾಡಿದಳು.

"ರೂಟರ್ ಆಫ್ ಮಾಡಿ ಆನ್ ಮಾಡಿದ್ಯಾ?"

"ಮೂರು ಸಲ ಮಾಡಿದೆ."

"ಇನ್ನೊಂದು ಸಲ ಮಾಡಿ ನೋಡು."

"ನಿಮಗೂ ಒಂದು ಸ್ವಿಚ್ ಇದ್ದಿದ್ರೆ ಮೊದಲು ಅದನ್ನ ಆಫ್ ಮಾಡ್ತಿದ್ದೆ!"

ನೆಟ್ ಕಂಪನಿಗೆ ಫೋನ್ ಮಾಡಿದರೆ ಅಲ್ಲಿನ ಹುಡುಗಿ, "ನಿಮ್ಮ ಲೈನ್ ಸರಿಯಾಗಿದೆ ಮೇಡಂ" ಎಂದು ಹಾಡಿದಳು. "ಹಾಗಾದ್ರೆ ಸರಿ ಇಲ್ದಿರೋದು ನಾನೇ ಬಿಡಿ" ಎಂದು ಇವಳು ಫೋನ್ ಕುಕ್ಕಿದಳು.

ಆ ಸದ್ದಿಗೆ ಮಗು ಎದ್ದಿತು. ಕ್ಯಾಮೆರಾ ಆಫ್ ಮಾಡಿ ಎತ್ತಿಕೊಂಡು ಬಂದು ಕೂತರೆ, ನೆಟ್ ಬಂದಿದೆ! ತೊಡೆಯ ಮೇಲಿನ ಮಗು ಕೀಲಿಗಳನ್ನು ರಪರಪ ಬಡಿಯುತ್ತಿದ್ದರೂ ಹೇಗೋ ಒಂದು ವರದಿ ಮುಗಿಸಿದಳು. ಮಗು ತೂಕಡಿಸಿತು. ಮಲಗಿಸಿ, ಕ್ಯಾಮೆರಾ ಹಾಕಿ ಬಂದಳು. ನೆಟ್ ಇಲ್ಲ. ಮಗು ಎದ್ದರೆ ನೆಟ್ ಏಳುತ್ತದೆ, ಮಗು ಮಲಗಿದರೆ ನೆಟ್ಟೂ ಮಲಗುತ್ತದೆ. ಇದೆಂಥ ಪೀಡೆಯಪ್ಪ!

ಪರದೆಯ ಮೂಲೆಯಲ್ಲಿ ಒಂದು ಚೌಕ ಮೂಡಿತು. ವಾರದಿಂದ ಅದು ಬಂದಾಗಲೆಲ್ಲ ಓದದೆ ಮುಚ್ಚಿದ್ದಳು. ಇವತ್ತು ಓದಿದಳು: ಈ ಕಂಪ್ಯೂಟರಿನ ನೆಟ್ ನಂಬರನ್ನು ಮನೆಯಲ್ಲಿ ಬೇರೊಂದು ಯಂತ್ರವೂ ಬಳಸುತ್ತಿದೆ.

ಕೀಬೋರ್ಡ್ ಎತ್ತಿದಳು. ಕೆಳಗೆ ನಾದಿನಿಯ ದುಂಡು ಅಕ್ಷರದ ಚೀಟಿ. ಕಂಪ್ಯೂಟರ್ ಕೂರಿಸಿದ ದಿನ ಅವಳೇ ನಾಲ್ಕು ಸಾಲು ನಂಬರು ಬರೆದು ಅಂಟಿಸಿದ್ದಳು. ಮೂರು ವಾರದ ಹಿಂದೆ ಕ್ಯಾಮೆರಾ ಹಾಕುವಾಗ ಅದೂ ನಂಬರು ಕೇಳಿತೆಂದು, ಒಂದು ಅಂಕಿಯೂ ತಪ್ಪಬಾರದೆಂದು ಮೂರು ಮೂರು ಸಲ ನೋಡಿ, ಅದೇ ನಾಲ್ಕು ಸಾಲನ್ನು ಇವಳು ಕ್ಯಾಮೆರಾಕ್ಕೂ ಇಳಿಸಿದ್ದಳು. ಈಗ ಒಂದೇ ನಂಬರಿಗೆ ಎರಡೂ ಕಿತ್ತಾಡುತ್ತಿದ್ದವು. ಎಲ್ಲಾದರೂ ಸ್ವಲ್ಪ ಎಡವಿದ್ದರೆ ಈ ಪಾಡು ಬರುತ್ತಿರಲಿಲ್ಲವೇನೋ!

ಕ್ಯಾಮೆರಾ ಕೂರಿಸಿಕೊಡುತ್ತೇನೆಂದು ನಾದಿನಿ ಅಂದೇ ಬಂದಿದ್ದಳು. "ಎಂಟು ಹೆಜ್ಜೆ ದೂರದಲ್ಲಿರೋ ಮಗೂಗೆ ಕ್ಯಾಮೆರಾನಾ ಅತ್ತಿಗೆ? ಕತ್ತು ಚಾಚಿದ್ರೆ ಸಾಕಲ್ಲ!" ಎಂದು ನಕ್ಕಿದ್ದಳು. ಇವಳಿಗೆ ಮೈಯೆಲ್ಲ ಉರಿದು, "ನಿಂಗೊಂದು ಮಗು ಆಗ್ಲಿ, ಆಮೇಲೆ ಮಾತಾಡು" ಎಂದುಬಿಟ್ಟಿದ್ದಳು. ನಾದಿನಿಯ ಮುಖ ಕಪ್ಪಿಟ್ಟಿತ್ತು. ಕ್ಯಾಮೆರಾ ಮುಟ್ಟದೆಯೇ ಹೊರಟುಹೋಗಿದ್ದಳು. ಅವತ್ತಿಂದ ಫೋನಿಲ್ಲ.

ಕ್ಯಾಮೆರಾ ಆಫ್ ಮಾಡಿ ನೋಡಿದಳು. ನೆಟ್ ಬಂತು, ಅವಳ ನೆಮ್ಮದಿ ಹೋಯಿತು. ಹತ್ತು ನಿಮಿಷದಲ್ಲಿ ಆರು ಸಲ ಓಡಿ ಮಗುವಿನ ಮೂಗಿನ ಬಳಿ ಬೆರಳಿಟ್ಟು ಬಂದಳು. ಟೈಪಾದದ್ದು ನಾಲ್ಕೇ ಸಾಲು. ನಂಬರು ತಾನೇ ಬದಲಿಸೋಣವೆಂದರೆ ಇನ್ನೇನು ಕೆಡುವುದೋ ಎಂಬ ಭಯ. ಗಡಿಯಾರ ಹನ್ನೊಂದು ದಾಟಿತ್ತು. ಎರಡು ವರದಿ ಹಾಗೇ ಉಳಿದಿದ್ದವು.

ಮೊಬೈಲ್ ತೆಗೆದಳು. ಇಟ್ಟಳು. ಮತ್ತೆ ತೆಗೆದು ಒತ್ತಿಯೇಬಿಟ್ಟಳು.

ಎರಡನೇ ರಿಂಗಿಗೇ ಗಾಬರಿಯ ದನಿ: "ಅತ್ತಿಗೆ? ಮಗು ಚೆನ್ನಾಗಿದೆ ತಾನೆ?"



"ಮಗು ಚೆನ್ನಾಗಿದೆ ಕಣೇ. ಕೆಟ್ಟಿರೋದು ನನ್ನ ಬಾಯಿ. ಅವತ್ತು ಹಾಗನ್ನಬಾರದಿತ್ತು... ನಿನ್ನ ಚೀಟಿ ಮುಂದಿಟ್ಕೊಂಡು ಕೂತಿದ್ದೀನಿ. ಕ್ಯಾಮೆರಾಕ್ಕೆ ಯಾವ ನಂಬರು ಹಾಕ್ಲಿ, ಹೇಳಿಕೊಡೇ."